ಗಾಜಿನ ಮೇಲಿನ ಕೆಂಪು ಗೆರೆ

ಕೇಳುಗರಿಗೆ ನಮಸ್ಕಾರ.

ನಾನು ರೇಡಿಯೋ ರಿಪೇರಿ ಮಾಡುವವನು. ಹಳೆ ಬಾಗಲಕೋಟೆ ಪೇಟೆಯಲ್ಲಿ ನಮ್ಮ ಅಪ್ಪ ಸಣ್ಣದೊಂದು ಅಂಗಡಿ ಇಟ್ಟಿದ್ದರು. ಆಲಮಟ್ಟಿ ಹಿನ್ನೀರು ಊರಿಗೆ ಬಂದ ಮೇಲೆ ನಾವು ನವನಗರಕ್ಕೆ ಬಂದೆವು. ಅಪ್ಪನ ಸಾಮಾನಿನ ಪೆಟ್ಟಿಗೆಯೂ ನಮ್ಮ ಜೊತೆ ಬಂತು. ಆ ಪೆಟ್ಟಿಗೆಯಲ್ಲಿ ಬೆಸುಗೆ ಹಾಕುವ ಕಡ್ಡಿ, ತವರದ ತಂತಿ, ಡಯಲಿಗೆ ಕಟ್ಟುವ ದಾರದ ಉಂಡೆ, ಇವುಗಳ ನಡುವೆ ಉಗುರಿಗೆ ಹಚ್ಚುವ ಕೆಂಪು ಬಣ್ಣದ ಒಂದು ಸೀಸೆ ಇತ್ತು. ಯಾವ ಸೆಟ್ಟು ರಿಪೇರಿಗೆ ಬಂದರೂ, ತಿರುಗಿ ಕೊಡುವ ಮುಂಚೆ ಅಪ್ಪ ಸೆಟ್ಟು ಚಾಲೂ ಮಾಡಿ ಧಾರವಾಡ ಆಕಾಶವಾಣಿ ಹಿಡಿದು, ಡಯಲಿನ ಕಡ್ಡಿ ನಿಂತ ಜಾಗಕ್ಕೆ ಸರಿಯಾಗಿ ಗಾಜಿನ ಮೇಲೆ ಒಂದು ಕೆಂಪು ಗೆರೆ ಎಳೆಯುತ್ತಿದ್ದರು. "ಇಲ್ಲಿಗೆ ತಂದು ನಿಲ್ಲಸ್ರಿ, ಧಾರವಾಡ ಹತ್ತತೈತಿ" ಅನ್ನುತ್ತಿದ್ದರು. ಅಕ್ಷರ ಬಾರದ ಅವ್ವಂದಿರಿಗೂ ಅಷ್ಟು ಸಾಕಾಗುತ್ತಿತ್ತು.

ಆ ಗೆರೆ ಎಷ್ಟು ಸಲ ಸರಿಯಿತು, ಸರಿದಾಗಲೆಲ್ಲ ಯಾರ ಸೆಟ್ಟು ಮಾತು ಬಿಟ್ಟಿತು, ಅದನ್ನೇ ಇವತ್ತು ನಿಮ್ಮ ಮುಂದೆ ಹೇಳಬೇಕೆಂದು ಬಂದಿದ್ದೇನೆ.

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಆಗ ನಮ್ಮ ಬೆಳಗಾವಿ, ಬಿಜಾಪುರ, ಧಾರವಾಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದವು. ಬಾಗಲಕೋಟೆ ಬಿಜಾಪುರ ಜಿಲ್ಲೆಯದೇ ಒಂದು ಊರು; 1997ರಲ್ಲಿ ಬೇರೆ ಜಿಲ್ಲೆಯಾಯಿತು. ಕೇಂದ್ರ ಶುರುವಾದಾಗ ರಾಜ್ಯ ಒಂದಾಗಲು ಇನ್ನೂ ಆರು ವರ್ಷ ಬಾಕಿ ಇತ್ತು. ಕಚೇರಿಯ ಕಾಗದವೆಲ್ಲ ಮುಂಬಯಿ ಕಡೆ ಹೋಗುವ ಕಾಲದಲ್ಲಿ, ಗಾಳಿಯಲ್ಲಿ ಕನ್ನಡ ಬಂತು. ನಮ್ಮ ಭಾಗದ ಮಟ್ಟಿಗೆ ಕರ್ನಾಟಕ ಮೊದಲು ಕಿವಿಯಲ್ಲಿ ಒಂದಾಯಿತು, ಆಮೇಲೆ ನಕ್ಷೆಯಲ್ಲಿ ಎಂದು ನಾನು ನಂಬಿದ್ದೇನೆ. ಬೇಂದ್ರೆಯವರು ಆ ಕೇಂದ್ರಕ್ಕೆ ಸಲಹೆಗಾರರಾಗಿದ್ದರು, ಮಲ್ಲಿಕಾರ್ಜುನ ಮನಸೂರರು ಸಂಗೀತದ ಸಲಹೆಗಾರರಾಗಿದ್ದರು. ಅಂಥವರ ಕಣ್ಣು ಬಿದ್ದ ಕಾರ್ಯಕ್ರಮ ನಮ್ಮ ಗುಡಿಯ ಕಟ್ಟೆಗೆ, ಹೊಲದ ಗುಡಿಸಲಿಗೆ ಪುಕ್ಕಟೆ ಬರುತ್ತಿತ್ತು. ಪುಕ್ಕಟೆ ಎಂದರೆ ಪೂರ್ತಿ ಪುಕ್ಕಟೆ ಅಲ್ಲ. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು, ವರ್ಷವರ್ಷ ಹಣ ಕಟ್ಟಬೇಕಿತ್ತು. 1980ರ ದಶಕದಲ್ಲಿ ಆ ಲೈಸೆನ್ಸ್ ಹೋಯಿತು.

ಧಾರವಾಡದ್ದು ಮೀಡಿಯಂ ವೇವ್. ಈ ಅಲೆ ಹಗಲು ಹೊತ್ತು ನೆಲ ಹಿಡಿದು ನಡೆಯುತ್ತದೆ. ನೆಲದಲ್ಲಿ ಹಸಿ ಇದ್ದಷ್ಟೂ ದೂರ ಹೋಗುತ್ತದೆ, ಕಲ್ಲು ಮಸಾರಿಯಲ್ಲಿ ಬೇಗ ಸೊರಗುತ್ತದೆ. ನಮ್ಮದು ಎರೆ ಹೊಲದ ಸೀಮೆ. ಮಳೆ ಹಿಡಿದ ಎರೆಯ ಮೇಲೆ ಅದು ಚೆನ್ನಾಗಿ ಸಾಗುತ್ತದೆ. ರಾತ್ರಿಯಾದರೆ ಆಟವೇ ಬೇರೆ. ಹಗಲಲ್ಲಿ ಅಲೆಯನ್ನು ನುಂಗುವ ಮೇಲಿನ ಪದರವೊಂದು ಸೂರ್ಯ ಮುಳುಗಿದ ಮೇಲೆ ಕರಗಿಹೋಗುತ್ತದೆ. ಅಲೆ ಇನ್ನೂ ಮೇಲಕ್ಕೆ ಹೋಗಿ, ಅಲ್ಲಿಂದ ಹೊಡೆದು ನೂರಾರು ಮೈಲಿ ಆಚೆ ಇಳಿಯುತ್ತದೆ. ರಾತ್ರಿ ಒಂಬತ್ತರ ಮೇಲೆ ಧಾರವಾಡದ ಅಕ್ಕಪಕ್ಕ ಎಲ್ಲೆಲ್ಲಿಯವೋ ಭಾಷೆಗಳು ಬಂದು ಕೂಡುತ್ತಿದ್ದವು. ಅಥಣಿ, ಚಿಕ್ಕೋಡಿ ಕಡೆಯವರಿಗೆ ಹಗಲಲ್ಲೇ ಮಹಾರಾಷ್ಟ್ರದ ಸಾಂಗಲಿ ಕೇಂದ್ರ ಹತ್ತುತ್ತಿತ್ತು. ಮುಂಜಾನೆ ಧಾರವಾಡದ ವಚನ, ಊಟದ ಹೊತ್ತಿಗೆ ಸಾಂಗಲಿಯ ಮರಾಠಿ ಭಾವಗೀತೆ. ಆ ಮನೆಗಳಲ್ಲಿ ಎರಡಕ್ಕೂ ಗೆರೆ ಬೇಕಾಗುತ್ತಿತ್ತು. ಅಪ್ಪ ಸಾಂಗಲಿಗೆ ನೀಲಿ ಇಂಕಿನ ಚುಕ್ಕೆ ಇಡುತ್ತಿದ್ದರು.

ಗೆರೆ ಮೊದಲು ಸರಿದದ್ದು 1978ರಲ್ಲಿ. ಆ ವರ್ಷ ನವೆಂಬರ್ 23ರಿಂದ ನಮ್ಮ ದೇಶವೂ ಸೇರಿ ಹಲವು ದೇಶಗಳು ಮೀಡಿಯಂ ವೇವ್ ಕೇಂದ್ರಗಳನ್ನು ಒಂಬತ್ತೊಂಬತ್ತು ಕಿಲೋಹರ್ಟ್ಸ್ ಅಂತರಕ್ಕೆ ಹೊಂದಿಸಿದವು. ಕೇಂದ್ರಗಳು ಹೆಚ್ಚಾಗಿ ಒಂದರ ಮೇಲೊಂದು ಬೀಳತೊಡಗಿದ್ದವು. ಜಾಗ ಹಂಚಿಕೊಳ್ಳದೆ ಗತಿ ಇರಲಿಲ್ಲ. ಬೇಕಾದರೆ ಕೇಂದ್ರಗಳ ಕಿಲೋಹರ್ಟ್ಸ್ ಸಂಖ್ಯೆಯನ್ನು ಒಂಬತ್ತರಿಂದ ಭಾಗಿಸಿ ನೋಡಿ. ಧಾರವಾಡದ 765, ಬೆಂಗಳೂರಿನ 612, ಕಲಬುರಗಿಯ 1107, ಸಾಂಗಲಿಯ 1251, ಎಲ್ಲವೂ ಒಂಬತ್ತರ ಮಗ್ಗಿಯಲ್ಲಿವೆ. ಡಯಲಿನ ಮೇಲೆ ಅದು ಕೂದಲೆಳೆಯ ವ್ಯತ್ಯಾಸ. ಆದರೆ ಗೆರೆಯನ್ನೇ ನಂಬಿದವರಿಗೆ ಕೂದಲೆಳೆಯೂ ದೊಡ್ಡದೇ. ಅಂಗಡಿಗೆ ಬಂದವರದೆಲ್ಲ ಒಂದೇ ಮಾತು: "ಗೆರಿಮ್ಯಾಲೆ ನಿಲ್ಲಸಿದ್ರ ಮೂಗಿನಾಗ ಮಾತಾಡಿದಂಗ ಆಗತೈತ್ರಿ." ಅಪ್ಪ ಹಳೆ ಗೆರೆಯನ್ನು ಬ್ಲೇಡಿನಿಂದ ಕೆರೆದು ಹೊಸದನ್ನು ಎಳೆದು ಕೊಟ್ಟರು. ಅದಕ್ಕೆ ದುಡ್ಡು ಮುಟ್ಟಲಿಲ್ಲ.

ಆಮೇಲೆ ಧಾರವಾಡದ ಪ್ರಸಾರ 200 ಕಿಲೋವ್ಯಾಟಿಗೆ ಏರಿತು. ಆದರೆ ಕೇಂದ್ರದ ಶಕ್ತಿ ಏರಿದ ಹಾಗೆ ನಮ್ಮ ಕಡೆ ಗದ್ದಲವೂ ಏರಿತು. ರಬಕವಿ, ಬನಹಟ್ಟಿಯ ಓಣಿಗಳಲ್ಲಿ ವಿದ್ಯುತ್ ಮಗ್ಗದ ಸಪ್ಪಳ ನಿಮಗೆ ಗೊತ್ತಿದೆ. ಕಿವಿಗೆ ಕೇಳುವ ಸಪ್ಪಳ ಒಂದು. ಮೋಟಾರಿನ ಕಿಡಿ, ಸ್ವಿಚ್ಚಿನ ಕಿಡಿ ರೇಡಿಯೋದೊಳಗೆ ಹೊಕ್ಕು ಗರಗರ ಅನ್ನುವುದು ಇನ್ನೊಂದು. ಮೀಡಿಯಂ ವೇವಿನಲ್ಲಿ ದನಿ ಅಲೆಯ ಎತ್ತರದ ಮೇಲೆ ಕೂತು ಬರುತ್ತದೆ. ಕಿಡಿಯೂ ಆ ಎತ್ತರವನ್ನೇ ಕೆಡಿಸುತ್ತದೆ. ಎಫ್ ಎಂನಲ್ಲಿ ದನಿ ಎತ್ತರದ ಮೇಲೆ ಕೂರುವುದಿಲ್ಲ. ಅಲೆ ಎಷ್ಟು ಬೇಗ ಬೇಗ ಬರುತ್ತದೆ ಅನ್ನುವುದರಲ್ಲಿ ಅಡಗಿ ಬರುತ್ತದೆ. ಹಾಗಾಗಿ ಕಿಡಿ ಅದನ್ನು ಮುಟ್ಟುವುದು ಕಡಿಮೆ. ವಿಜಯಪುರದಲ್ಲಿ ಎಫ್ ಎಂ ಕೇಂದ್ರ ಬಂದ ಹೊಸದರಲ್ಲಿ ನಾನು ಅಲ್ಲಿಯೇ ಒಂದು ಅಂಗಡಿಯಲ್ಲಿ ಸೆಟ್ಟು ಹಚ್ಚಿಟ್ಟಿದ್ದೆ. ತಂಬೂರಿಯ ಶ್ರುತಿ ಮುಗಿಯುವವರೆಗೂ ಕೇಳಿಸಿತು. ಅದುವರೆಗೆ ರೇಡಿಯೋದಲ್ಲಿ ಮೌನ ಹೇಗಿರುತ್ತದೆ ಎಂದೇ ನಮಗೆ ಗೊತ್ತಿರಲಿಲ್ಲ.

ಎಫ್ ಎಂಗೆ ಇನ್ನೊಂದು ಗುಣವಿದೆ, ಅದು ಕಣ್ಣಿನ ಹಾಗೆ. ನೆಟ್ಟಗೆ ನೋಡುತ್ತದೆ, ಮರೆಗೆ ಹೋದರೆ ಕಾಣುವುದಿಲ್ಲ. ನೂರು ಮೀಟರ್ ಗೋಪುರದ ಮೇಲಿಂದ ಸಪಾಟು ಬಯಲಿನಲ್ಲಿ ಸುಮಾರು 40 ಕಿಲೋಮೀಟರಿಗೆ ಭೂಮಿಯ ಬಾಗೇ ಅಡ್ಡ ಬರುತ್ತದೆ. ಅದರಾಚೆಯೂ ಒಂದಿಷ್ಟು ಸಿಕ್ಕೀತು, ಆದರೆ ಭರವಸೆಯಿಲ್ಲ. ಬಾದಾಮಿ, ಗುಳೇದಗುಡ್ಡದ ಕೆಂಪು ಗುಡ್ಡಗಳ ಬುಡಕ್ಕೆ ಹೋಗಿ ನಿಂತರೆ ನಿಮಗೇ ತಿಳಿಯುತ್ತದೆ. ಗುಡ್ಡದ ಈಚೆ ಹಾಡು, ಆಚೆ ಬರೀ ಸುಯ್ ಅನ್ನುವ ಸದ್ದು. ಮೀಡಿಯಂ ವೇವ್ ಅದೇ ಗುಡ್ಡವನ್ನು ದಾಟಿ ಬರುತ್ತದೆ. ಎಫ್ ಎಂ ಬಂತು, ಇನ್ನು ಹಳೆಯದು ಬೇಡ ಎಂದು ಯಾರಾದರೂ ಅಂದಾಗ ನನಗೆ ಈ ಗುಡ್ಡ ನೆನಪಾಗುತ್ತದೆ.

ಅಲೆ ಬದಲಾದ ಹಾಗೆ ಮಾತೂ ಬದಲಾಯಿತು. ಮೊದಲು ಎಲ್ಲವೂ ಬರೆದು ಓದುವುದು, ಟೇಪಿಗೆ ಹಿಡಿದು ಬ್ಲೇಡಿನಿಂದ ಕತ್ತರಿಸಿ ಅಂಟಿಸುವುದು. ಕೇಳುಗರು ಕಾರ್ಡು ಬರೆದು ವಾರಗಟ್ಟಲೆ ಕಾಯಬೇಕು. ನಿಮ್ಮೂರಿನ ಹೆಸರು ಓದಿದರೆ ಓಣಿಗೇ ಹಬ್ಬ. ಫೋನ್ ಇನ್ ಕಾರ್ಯಕ್ರಮ ಬಂದ ಮೇಲೆ ಜಮಖಂಡಿಯ ಹೆಣ್ಣುಮಗಳು ಅಡಿಗೆಮನೆಯಿಂದಲೇ, "ಹಲೋ ಅಕ್ಕಾರ, ನಮ್ಮ ದಾಳಿಂಬರಿಗೆ ಚುಕ್ಕಿ ರೋಗ ಬಿದ್ದೈತ್ರಿ" ಎಂದು ಕೇಳುವಂತಾಯಿತು. ಆ ಮಾತು, ಆ ರಾಗ, ಯಾರೂ ತಿದ್ದದೆ ಗಾಳಿಗೆ ಹೋಯಿತು. ರೇಡಿಯೋದಲ್ಲಿ ಆದ ಬದಲಾವಣೆಗಳಲ್ಲೆಲ್ಲ ನನಗೆ ಇದೇ ದೊಡ್ಡದು. ಬೆಳಗಾವಿಯ ವೇಣುಧ್ವನಿಯಂಥ ಸಮುದಾಯ ಬಾನುಲಿ ಇನ್ನೂ ಹತ್ತಿರದ್ದು. ಅಂಥ ಕೇಂದ್ರಕ್ಕೆ 50 ವ್ಯಾಟಿನ ಪ್ರಸಾರ ಯಂತ್ರ ಸಾಕು. ಸುತ್ತಲಿನ ಹತ್ತು ಹದಿನೈದು ಕಿಲೋಮೀಟರಿನಲ್ಲಿ ತಮ್ಮವರ ಮಾತು ತಮ್ಮವರಿಗೆ ಕೇಳಿಸಿದರೆ ಅದರ ಕೆಲಸವಾಯಿತು.

ಕಳೆದುಕೊಂಡದ್ದೂ ಇದೆ. ಅರ್ಧ ತಾಸಿನ ನಾಟಕ ಅಪರೂಪವಾಯಿತು. ಹಾಡಿನ ನಡುವಿನ ಮಾತು ಚುಟುಕಾಯಿತು. ಕುಣಿ ಮಗ್ಗದಲ್ಲಿ ಕೂತು ಖಣ ನೇಯುವವನ ಕೈಯೂ ಕಾಲೂ ಕಣ್ಣೂ ಕೆಲಸದಲ್ಲಿರುತ್ತವೆ, ಕಿವಿ ಮಾತ್ರ ಬಿಡುವಾಗಿರುತ್ತದೆ. ಅವನಿಗೆ ಉದ್ದನೆಯ ಕಥೆ ಬೇಕು.

ಈಗ ಆಕಾಶವಾಣಿ ಮೊಬೈಲ್ ಆಪ್‌ನಲ್ಲಿ ಸಿಗುತ್ತದೆ. ದುಬೈಯಲ್ಲಿರುವ ಮಗ ಧಾರವಾಡ ಕೇಳುತ್ತಾನೆ, ನನಗೆ ಅದು ನಿಜವಾಗಿ ಸಂತೋಷ. ಆದರೆ ಆಪ್‌ಗೆ ಡೇಟಾ ಬೇಕು. ಮೊದಲಿನ ಬಟನ್ ಫೋನಿನಲ್ಲಿ ಇಯರ್‌ಫೋನ್ ಚುಚ್ಚಿದರೆ ಎಫ್ ಎಂ ಬರುತ್ತಿತ್ತು. ಆ ತಂತಿಯೇ ಏರಿಯಲ್. ಹೊಸ ಫೋನುಗಳಲ್ಲಿ ಎಷ್ಟೋ ಕಡೆ ತಂತಿ ಚುಚ್ಚುವ ತೂತೇ ಇಲ್ಲ, ಎಫ್ ಎಂ ಕೂಡ ಇಲ್ಲ. 2023ರಲ್ಲಿ ಕೇಂದ್ರ ಸರ್ಕಾರ, ಫೋನಿನಲ್ಲಿ ಎಫ್ ಎಂ ಇರಲಿ, ಇದ್ದದ್ದನ್ನು ಮುಚ್ಚಬೇಡಿ ಎಂದು ತಯಾರಕರಿಗೆ ಸೂಚನೆ ಕೊಟ್ಟಿತು. ಹೊಳೆ ಉಕ್ಕಿ ಬಂದು ಟವರುಗಳು ಕರೆಂಟಿಲ್ಲದೆ ನಿಂತಾಗ ಎರಡು ಸೆಲ್ಲಿನ ರೇಡಿಯೋ ಮಾತಾಡುತ್ತದೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೋದ ಬೇಸಿಗೆಯಲ್ಲಿ ಗುಳೇದಗುಡ್ಡದಿಂದ ನೇಕಾರ ಕಾಕಾ ಒಬ್ಬರು ಬಂದರು. ಚರ್ಮದ ಕವಚದ ಹಳೆ ಸೆಟ್ಟು, ಗಾಜಿನ ಮೇಲೆ ಅಪ್ಪ ಎಳೆದ ಗೆರೆ. "ತಮ್ಮಾ, ನಿನ್ನ ಅಂಗಡ್ಯಾಗ ಚಲೋ ಮಾತಾಡತೈತಿ, ಮನಿಗೆ ಒಯ್ದರ ಗರ್ ಅಂತೈತಿ" ಅಂದರು. ಎರಡು ಸಲ ಬಿಚ್ಚಿ ನೋಡಿದೆ, ಸೆಟ್ಟಿನಲ್ಲಿ ತಪ್ಪಿಲ್ಲ. ಮೂರನೆಯ ಸಲ ಅವರ ಮನೆಗೇ ಹೋದೆ. ಮಗ್ಗದ ಮೇಲೆ ಹೊಸ ಎಲ್ಇಡಿ ಬಲ್ಬು ನೇತಾಡುತ್ತಿತ್ತು. ಅದನ್ನು ಆರಿಸಿದೆ, ಧಾರವಾಡ ತಿಳಿಯಾಗಿ ಬಂತು. ಆದರೆ ಬೆಳಕಿಲ್ಲದೆ ಎಳೆ ಹೇಗೆ ಕಂಡೀತು? ಸೆಟ್ಟಿನೊಳಗೆ ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿ ಇರುತ್ತದೆ, ಅದೇ ಅದರ ಕಿವಿ. ಕಡ್ಡಿಯ ತುದಿ ಎತ್ತ ಮುಖ ಮಾಡಿರುತ್ತದೋ ಅತ್ತಲಿಂದ ಕೇಳಿಸುವುದು ತೀರ ಕಡಿಮೆ. ಸೆಟ್ಟನ್ನು ಗೂಡಿನಿಂದ ಇಳಿಸಿ, ತುದಿ ಬಲ್ಬಿನ ಕಡೆ ಬರುವಂತೆ ಮೆಲ್ಲಗೆ ತಿರುಗಿಸುತ್ತ ಹೋದೆ. ಒಂದು ಕಡೆ ಗರಗರ ಕುಸಿದು ಮಾತು ಎದ್ದು ನಿಂತಿತು. ಕಾಕಾ ಸುಣ್ಣದ ಕಡ್ಡಿ ತಂದು ಕಟ್ಟೆಯ ಮೇಲೆ ಸೆಟ್ಟಿನ ನಾಲ್ಕೂ ಮೂಲೆಗೆ ಗುರುತು ಹಾಕಿದರು.

ಮೀಡಿಯಂ ವೇವ್ ಕೇಂದ್ರಗಳು ದೇಶದಲ್ಲಿ ಒಂದೊಂದಾಗಿ ನಿಲ್ಲುತ್ತಿವೆ. ಕೇಳುವವರಿಲ್ಲ ಅನ್ನುತ್ತಾರೆ. ಕಾಕಾ ಕೇಳುತ್ತಾರೆ, ಆದರೆ ಕೇಳುತ್ತೇನೆ ಎಂದು ಯಾರಿಗೂ ಹೇಳಿಲ್ಲ. ಅವತ್ತೇ ಒಂದು ಕಾರ್ಡು ತರಿಸಿ ಅವರಿಂದ ಆಕಾಶವಾಣಿಗೆ ಬರೆಸಿದೆ. ನೀವೂ ಬರೆಯಿರಿ: ಊರು ಯಾವುದು, ಸೆಟ್ಟು ಎಂಥದು, ಯಾವ ಹೊತ್ತಿಗೆ ಕೇಳುತ್ತೀರಿ, ಹಗಲು ಹೇಗೆ ಬರುತ್ತದೆ, ರಾತ್ರಿ ಹೇಗೆ. ನಾಲ್ಕು ಸಾಲು ಸಾಕು. ಕಾಕಾ ಬರೆದದ್ದು ಇಷ್ಟು: "ಮುಂಜಾನೆ ಸ್ವಚ್ಛ. ಮಧ್ಯಾಹ್ನ ಸ್ವಚ್ಛ. ರಾತ್ರಿ ನಡುನಡುವೆ ಬ್ಯಾರೆ ಭಾಷಾ ಬರತಾವು, ನಾಟಕ ಇದ್ದ ದಿನ ಮಗ್ಗ ನಿಲ್ಲಸ್ತೀನಿ."

ನಮಸ್ಕಾರ.