ಓದಿದ್ದು ರಾಯಚೂರಿನಲ್ಲಿ, ಡಿಗ್ರಿ ಧಾರವಾಡದ್ದು: ಅಪ್ಪನ ಜೊತೆ ಕರ್ನಾಟಕ ಯುನಿವರ್ಸಿಟಿಯಲ್ಲಿ ಒಂದು ದಿನ

ಈ ಕಾಗದ ನೋಡಿ. ಇರಿ, ಸ್ವಲ್ಪ ಹತ್ತಿರ ಹಿಡಿಯುತ್ತೇನೆ. ಅಂಚು ಹಳದಿಯಾಗಿದೆ, ಮಡಿಕೆ ಬಿದ್ದಲ್ಲಿ ಸೆಲ್ಲೋಟೇಪ್ ಹಚ್ಚಿದೆ. ಇದು ನಮ್ಮಪ್ಪನ ಬಿ.ಎ. ಸರ್ಟಿಫಿಕೇಟ್, 1978ರದು. ಅಪ್ಪ ಓದಿದ್ದು ರಾಯಚೂರಿನಲ್ಲಿ. ಆದರೆ ಮೇಲಿರುವ ಹೆಸರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. ಇಂಗ್ಲಿಷಿನಲ್ಲಿ ಅದು ‘ಕರ್ನಾಟಕ್’. ಕೊನೆಯ ‘ಎ’ ಇಲ್ಲ. ಚಿಕ್ಕವಳಿದ್ದಾಗ ನಾನು ಇದನ್ನು ಪ್ರಿಂಟಿನವರ ತಪ್ಪು ಅಂತಲೇ ನಂಬಿದ್ದೆ.

ಅಪ್ಪ ಈವರೆಗೆ ಧಾರವಾಡವನ್ನು ನೋಡಿಯೇ ಇರಲಿಲ್ಲ. ಪರೀಕ್ಷೆ ಬರೆದದ್ದು ರಾಯಚೂರಿನಲ್ಲೇ. ಸರ್ಟಿಫಿಕೇಟ್ ಬಂದದ್ದು ಪೋಸ್ಟಿನಲ್ಲಿ. ಘಟಿಕೋತ್ಸವಕ್ಕೆ ಯಾಕೆ ಹೋಗಲಿಲ್ಲ ಅಂತ ಕೇಳಿದರೆ, “ಅಲ್ಲಿ ಹೋಗಿ ಗೌನ್ ಹಾಕ್ಕೊಂಡು ನಿಲ್ಲೋ ಖರ್ಚಿನಾಗ ಮನೀಗೆ ತಿಂಗಳ ಜೋಳ ಬರ್ತಿತ್ತವ್ವ” ಅಂತಾರೆ. ಸರಿ, ಈಗಲಾದರೂ ಹೋಗೋಣ ಅಂತ ಕರೆದುಕೊಂಡು ಬಂದೆ. ಸರ್ಟಿಫಿಕೇಟ್ ಕೂಡ ಬಂದಿದೆ, ಪ್ಲಾಸ್ಟಿಕ್ ಕವರಿನಲ್ಲಿ.

ಈಗ ನೀವು ನೋಡ್ತಿರುವ ಗುಡ್ಡಕ್ಕೆ ಇಲ್ಲಿಯವರು ಛೋಟಾ ಮಹಾಬಳೇಶ್ವರ ಅಂತಾರೆ. 700 ಎಕರೆಗಿಂತ ಜಾಸ್ತಿ ಜಾಗ. ಮಳೆ ಹನಿ ಲೆನ್ಸಿನ ಮೇಲೆ ಕೂತಿದೆ, ಕ್ಷಮಿಸಿ. ಅಂದಹಾಗೆ, ಪೇಡೆಯ ವಿಡಿಯೊ ಅಂತ ಬಂದಿದ್ದರೆ ಈಗಲೇ ಹೇಳಿಬಿಡ್ತೀನಿ, ಇಲ್ಲಿ ಪೇಡೆ ಇಲ್ಲ.

ಆ ‘ಎ’ ಎಲ್ಲಿ ಹೋಯಿತು ಅಂತ ಹುಡುಕುತ್ತಾ ಹೋದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು. ಆಗ ಕನ್ನಡಿಗರು ಹರಿದು ಹಂಚಿಹೋಗಿದ್ದರು. ಮೈಸೂರು ಸಂಸ್ಥಾನದವರಿಗೆ 1916ರಲ್ಲೇ ಸ್ವಂತ ವಿಶ್ವವಿದ್ಯಾಲಯ ಸಿಕ್ಕಿತ್ತು. ನಮ್ಮ ರಾಯಚೂರು, ಕಲಬುರ್ಗಿ ನಿಜಾಮರ ಸೀಮೆ. ಅಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ, ಪಾಠ ಉರ್ದುವಿನಲ್ಲಿ. ಮಂಗಳೂರಿನವರಿಗೆ ಮದ್ರಾಸು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದವರಿಗೆ ಮುಂಬಯಿ.

ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರಂಥವರು ಮುಂದೆ ನಿಂತು ದುಡಿದರು. ಈಗ ಎಲ್ಲರೂ ಕೆಸಿಡಿ ಅನ್ನುವುದು ಇದಕ್ಕೇ. ಬೆಳಿಗ್ಗೆ ಅಲ್ಲಿಗೂ ಹೋಗಿದ್ದೆವು. ಆ ಕಟ್ಟಡ ಕಟ್ಟಿದ್ದು ಕಾಲೇಜಿಗಲ್ಲ ಕಣ್ರೀ, ಸದರ್ನ್ ಮರಾಠಾ ರೈಲ್ವೆ ಕಂಪನಿಯ ಆಫೀಸಿಗೆ! ಅಪ್ಪ ಒಳಗೆ ಕಾಲಿಟ್ಟವರೇ ತಲೆ ಎತ್ತಿ, “ಅದಕ್ಕ ಇದು ಸ್ಟೇಷನ್ ಇದ್ದಂಗ ಐತಿ” ಅಂದರು. ಪಾಠ ಧಾರವಾಡದಲ್ಲಿ, ಡಿಗ್ರಿ ಮಾತ್ರ ಮುಂಬಯಿಯದು. ಮೂವತ್ತೆರಡು ವರ್ಷ ಹೀಗೇ ನಡೆಯಿತು.

1949ರಲ್ಲಿ ಮುಂಬಯಿ ಸರ್ಕಾರ ಕಾಯ್ದೆ ಮಾಡಿ ಕರ್ನಾಟಕ ವಿಶ್ವವಿದ್ಯಾಲಯವನ್ನು ಹುಟ್ಟುಹಾಕಿತು. ಮೊದಲ ಆಫೀಸು ಎಲ್ಲಿತ್ತು ಹೇಳಿ? ಮುಂಬಯಿಯಲ್ಲೇ! ಆ ಅಕ್ಟೋಬರಿನಲ್ಲಿ ಅಲ್ಲಿ ಕೆಲಸ ಶುರು, ಆಮೇಲೆ ಧಾರವಾಡಕ್ಕೆ. ಆಗಿನ್ನೂ ಕರ್ನಾಟಕ ಅನ್ನುವ ರಾಜ್ಯ ಭೂಪಟದಲ್ಲಿರಲಿಲ್ಲ. ಏಕೀಕರಣ ಆದದ್ದು 1956ರಲ್ಲಿ, ಅದೂ ಮೈಸೂರು ರಾಜ್ಯ ಅನ್ನುವ ಹೆಸರಿನಲ್ಲಿ. ‘ಕರ್ನಾಟಕ’ ಅಂತ ಆದದ್ದು 1973ರಲ್ಲಿ. ಅಂದರೆ ರಾಜ್ಯಕ್ಕಿಂತ 24 ವರ್ಷ ಮೊದಲೇ ಈ ಯುನಿವರ್ಸಿಟಿಗೆ ಈ ಹೆಸರು ಬಂದಿತ್ತು. ‘ಕರ್ನಾಟಕ್’ ಅನ್ನುವುದು ಮುಂಬಯಿ ಕಾಲದ ಬರವಣಿಗೆ. ಆಮೇಲೆ ರಾಜ್ಯ ತನ್ನ ಹೆಸರಿಗೆ ‘ಎ’ ಸೇರಿಸಿಕೊಂಡು ಬರೆಯಿತು, ಯುನಿವರ್ಸಿಟಿ ತನ್ನದನ್ನು ಮುಟ್ಟಲಿಲ್ಲ. ನಾನು ತಪ್ಪು ಅಂದುಕೊಂಡದ್ದೇ ಹಳೆಯದು!

ಈ ಗುಡ್ಡದ ಮೇಲೆ ಕ್ಯಾಂಪಸ್ ಎದ್ದು ನಿಲ್ಲಲು ಒಬ್ಬರ ಹಟವೂ ಕಾರಣ. ಡಿ.ಸಿ. ಪಾವಟೆ. ಗೋಕಾಕ ಕಡೆಯವರು, ಕೇಂಬ್ರಿಜ್‌ನಲ್ಲಿ ಗಣಿತ ಓದಿದವರು. 1954ರಿಂದ 1967ರವರೆಗೆ ಇಲ್ಲಿ ಕುಲಪತಿ. ಹದಿಮೂರು ವರ್ಷ! ಇಲ್ಲಿಂದ ನೇರ ಪಂಜಾಬಿಗೆ ರಾಜ್ಯಪಾಲರಾಗಿ ಹೋದರು. ಇವತ್ತಿಗೂ ಕ್ಯಾಂಪಸ್ಸಿನ ವಿಳಾಸ ಪಾವಟೆ ನಗರ.

ಇಲ್ಲಿ ಝೂಮ್ ಮಾಡಿದ್ದೇನೆ, ಲಾಂಛನ ನೋಡಿ. ‘ಅರಿವೇ ಗುರು’. ಮೈಸೂರಿನವರದು ಸಂಸ್ಕೃತ, ‘ನ ಹಿ ಜ್ಞಾನೇನ ಸದೃಶಂ’. ಇವರದು ಕನ್ನಡ, ಎರಡೇ ಪದ. ನನಗಂತೂ ಇದೇ ಇಷ್ಟ. ಲೈಬ್ರರಿಗೆ ವಚನ ಸಾಹಿತ್ಯದಲ್ಲಿ ದುಡಿದವರ ಹೆಸರು, ಶಿ.ಶಿ. ಬಸವನಾಳರದು. ಕನ್ನಡ ಸಂಶೋಧನಾ ಸಂಸ್ಥೆ ಯುನಿವರ್ಸಿಟಿಗಿಂತ ಹತ್ತು ವರ್ಷ ದೊಡ್ಡದು, 1939ರದು. ಅಲ್ಲಿ ಶಾಸನದ ಕಲ್ಲುಗಳ ಮುಂದೆ ಅಪ್ಪ ಅರ್ಧ ಗಂಟೆ ನಿಂತರು. ಒಂದಕ್ಷರ ಓದಲು ಬರಲಿಲ್ಲ, ಆದರೂ ಬೆರಳಿನಿಂದ ಗಾಳಿಯಲ್ಲಿ ತಿದ್ದುತ್ತಿದ್ದರು. ಆ ಫೂಟೇಜನ್ನು ಎಷ್ಟು ಕತ್ತರಿಸಲು ಹೋದರೂ ಮನಸ್ಸು ಬರಲಿಲ್ಲ. ಹಾಗೇ ಬಿಟ್ಟಿದ್ದೇನೆ.

ಎಂ.ಎಂ. ಕಲಬುರ್ಗಿಯವರು ಕನ್ನಡ ಕಲಿಸಿದ್ದು ಈ ಯುನಿವರ್ಸಿಟಿಯಲ್ಲೇ. 2015ರ ಆಗಸ್ಟ್ 30ರಂದು ಇದೇ ಊರಿನಲ್ಲಿ, ಅವರ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಈ ಭಾಗಕ್ಕೆ ಮ್ಯೂಸಿಕ್ ಹಾಕಿಲ್ಲ.

ಸಂಗೀತ ವಿಭಾಗದ ಕಥೆಯೇ ಬೇರೆ. ಮಲ್ಲಿಕಾರ್ಜುನ ಮನ್ಸೂರರು ಇಲ್ಲಿ ಗೌರವ ನಿರ್ದೇಶಕರಾಗಿದ್ದರು. ಸಣ್ಣ ವಯಸ್ಸಿನಲ್ಲೇ ಶಾಲೆ ಬಿಟ್ಟು ನಾಟಕ ಕಂಪನಿ ಸೇರಿದವರು ಅವರು. ಗಂಗೂಬಾಯಿ ಹಾನಗಲ್ ಶಾಲೆಗೆ ಹೋದದ್ದು ಐದನೇ ಇಯತ್ತೆಯವರೆಗೆ ಮಾತ್ರ, ಇಲ್ಲಿ ಗೌರವ ಪ್ರಾಧ್ಯಾಪಕಿ! ಈಗ ಪಾಠ ಮಾಡಲು ಎಷ್ಟು ಸರ್ಟಿಫಿಕೇಟ್ ಕೇಳ್ತಾರೆ, ಅಲ್ವಾ?

ಅಪ್ಪನ ಕಾಲದಲ್ಲಿ ಬೀದರಿನಿಂದ ಕಾರವಾರದವರೆಗಿನ ಕಾಲೇಜುಗಳು ಇದಕ್ಕೇ ಸೇರಿದ್ದವು. ಆಮೇಲೆ ಒಂದೊಂದೇ ಬೇರೆಯಾದವು, ಅಣ್ಣತಮ್ಮಂದಿರು ಹಿಸ್ಸೆ ತೆಗೆದುಕೊಂಡ ಹಾಗೆ. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ. 2003ರಲ್ಲಿ ವಿಜಾಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ. 2010ರಲ್ಲಿ ಬೆಳಗಾವಿಯ ರಾಣಿ ಚೆನ್ನಮ್ಮ. ಎಂಜಿನಿಯರಿಂಗ್ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ಅಂದರೆ ವಿಟಿಯುಗೆ ಹೋಯಿತು. ಈಗ ನಮ್ಮ ರಾಯಚೂರಿಗೂ ಸ್ವಂತದ್ದಿದೆ. ಅಪ್ಪ ಕೆಲವು ವರ್ಷ ತಡವಾಗಿ ಪಾಸಾಗಿದ್ದರೆ ಸರ್ಟಿಫಿಕೇಟಿನ ಮೇಲೆ ಗುಲ್ಬರ್ಗ ಅಂತಿರುತ್ತಿತ್ತು, ನಾವು ಇಲ್ಲಿಗೆ ಬರುತ್ತಲೂ ಇರಲಿಲ್ಲ.

ಸಂಜೆ ಹೊರಡುವಾಗ ಗೇಟಿನ ಹತ್ತಿರ ಸೆಕ್ಯೂರಿಟಿಯವರು ಅಪ್ಪನ ಕೈಯಲ್ಲಿದ್ದ ಕವರ್ ನೋಡಿದರು.

“ಯಜಮಾನ್ರ, ನೀವೂ ಇಲ್ಲೇ ಕಲ್ತವ್ರೇನು?”

“ಇಲ್ಲಿ ಕಲ್ತಿಲ್ರಿ,” ಅಂದರು ಅಪ್ಪ. “ಪಾಸಾಗೀನಿ.”

ಆತ ನಕ್ಕು, ನನ್ನ ಕೈಯಿಂದ ಫೋನ್ ತೆಗೆದುಕೊಂಡು, “ಹಂಗಾದ್ರ ಇಬ್ರೂ ನಿಲ್ರಿ ಅಲ್ಲಿ” ಅಂದರು. ಅಪ್ಪ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಸರ್ಟಿಫಿಕೇಟನ್ನು ಎದೆಗೆ ಹಿಡಿದುಕೊಂಡು ನಿಂತರು. ಈ ಫೋಟೊ ಅವರು ತೆಗೆದದ್ದೇ. ಬೋರ್ಡಿನ ಹೆಸರು ಅರ್ಧ ಕಟ್ ಆಗಿದೆ. ‘ಧಾರವಾಡ’ ಮಾತ್ರ ಪೂರ್ತಿ ಬಂದಿದೆ.