ಸಂಜೆ ಜೋತುಬೀಳುವ ರೆಪ್ಪೆ

ಕೇಳುಗರೇ, ನಮಸ್ಕಾರ.

ಬೆಳಗ್ಗೆ ಏಳುವಾಗ ಎಲ್ಲ ಸರಿಯಾಗೇ ಇರುತ್ತದೆ. ಸಂಜೆಯಾಗುತ್ತಿದ್ದಂತೆ ಒಂದು ಕಣ್ಣಿನ ರೆಪ್ಪೆ ಜೋತುಬೀಳುತ್ತದೆ. ಇರುವ ಒಂದು ದೀಪ ಎರಡಾಗಿ ಕಾಣುತ್ತದೆ. ಊಟ ಮುಗಿಯುವಷ್ಟರಲ್ಲಿ ಅಗಿದು ಅಗಿದು ದವಡೆ ಸೋತಿರುತ್ತದೆ. ನಿದ್ದೆ ಸಾಲದು ಅಂತ ನಾವು ಸುಮ್ನೆ ಇದ್ದುಬಿಡುತ್ತೇವೆ. ಡಾಕ್ಟರ ಹತ್ತಿರ ಹೋದರೆ, 'ಇದು ಮಯಸ್ತೇನಿಯಾ ಇರಬಹುದು, ಎದೆಯ ಸ್ಕ್ಯಾನ್ ಮಾಡಿಸಿ' ಅನ್ನುತ್ತಾರೆ. ಮಯಸ್ತೇನಿಯಾ ಅಂದರೆ ಕೆಲಸ ಮಾಡಿದಷ್ಟೂ ಸ್ನಾಯುಗಳು ಬೇಗ ಸೋತುಹೋಗುವ ರೋಗ. ಕಣ್ಣಿನ ತೊಂದರೆಗೆ ಎದೆಯ ಸ್ಕ್ಯಾನ್ ಯಾಕೆ?

ಎದೆಮೂಳೆಯ ಹಿಂದೆ, ಹೃದಯದ ಮೇಲುಗಡೆ ಥೈಮಸ್ ಅನ್ನುವ ಗ್ರಂಥಿ ಇದೆ. ಚಿಕ್ಕವರಿದ್ದಾಗ ದೊಡ್ಡದಾಗಿರುತ್ತದೆ, ಹರೆಯ ದಾಟಿದ ಮೇಲೆ ಕುಗ್ಗುತ್ತಾ ಕೊಬ್ಬಾಗುತ್ತದೆ. ಕೆಲಸಕ್ಕೆ ಬಾರದ್ದು ಅಂತಲೇ ಬಹಳ ಕಾಲ ಅಂದುಕೊಂಡಿದ್ದರು. 1961ರಲ್ಲಿ ವಿಜ್ಞಾನಿ ಜಾಕ್ ಮಿಲ್ಲರ್ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಅವಕ್ಕೆ ಸೋಂಕು ತಡೆಯುವ ಶಕ್ತಿಯೇ ಉಳಿಯಲಿಲ್ಲ. ನಮ್ಮ ಮೈಯ ಕಾವಲಿನ ಟಿ ಕಣಗಳು ನಮ್ಮವರು ಯಾರು, ಹೊರಗಿನವರು ಯಾರು ಅಂತ ಕಲಿಯುವುದು ಅಲ್ಲೇ.

ಈ ಗ್ರಂಥಿಯಲ್ಲಿ ಹುಟ್ಟುವ ಗಡ್ಡೆಯೇ ಥೈಮೋಮಾ. ಅಮೆರಿಕದ ಲೆಕ್ಕದಲ್ಲಿ ವರ್ಷಕ್ಕೆ 10 ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವಷ್ಟು ಅಪರೂಪ. 40 ದಾಟಿದವರಲ್ಲಿ ಜಾಸ್ತಿ. ಗಂಡು, ಹೆಣ್ಣು ಅಂತ ದೊಡ್ಡ ವ್ಯತ್ಯಾಸವಿಲ್ಲ. ಗಡ್ಡೆ ಇದ್ದರೆ ಟಿ ಕಣಗಳ ಪಾಠ ತಪ್ಪಬಹುದು, ಮೈ ತನ್ನ ಸ್ನಾಯುಗಳ ಮೇಲೇ ತಿರುಗಿಬೀಳಬಹುದು. ಥೈಮೋಮಾ ಇರುವವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಮಯಸ್ತೇನಿಯಾ ಇರುತ್ತದೆ. ಆದರೆ ಮಯಸ್ತೇನಿಯಾ ಬಂದವರಲ್ಲಿ 100ಕ್ಕೆ 10-15 ಮಂದಿಗೆ ಮಾತ್ರ ಗಡ್ಡೆ. ರೆಪ್ಪೆ ಜೋತುಬಿದ್ದ ತಕ್ಷಣ ಗಾಬರಿ ಬೇಡ.

ನನಗೆ ಸೋಜಿಗ ಅನ್ನಿಸುವುದು ಇದು. ಗಡ್ಡೆಯ ಜೊತೆ ಮಯಸ್ತೇನಿಯಾನೂ ಇದ್ದರೆ ಆ ರೋಗಿ ಉಳಿಯುವುದು ಕಷ್ಟ ಅಂತ ಹಿಂದೆ ಹೇಳುತ್ತಿದ್ದರು. ಆಪರೇಷನ್ ಆದಮೇಲೆ ಉಸಿರಾಟದ ಸ್ನಾಯುಗಳೇ ಸೋತು ಎಷ್ಟೋ ಜನ ಹೋಗಿಬಿಡುತ್ತಿದ್ದರು. ಈಗ ವೆಂಟಿಲೇಟರ್ ಇದೆ, ಒಳ್ಳೆಯ ಔಷಧಿ ಇದೆ. ಮಾತು ತಿರುಗಿದೆ. ರೆಪ್ಪೆ ಮುಂಚೆಯೇ ಸುಳಿವು ಕೊಡುವುದರಿಂದ ಗಡ್ಡೆ ಚಿಕ್ಕದಿದ್ದಾಗಲೇ ಸಿಗುತ್ತದೆ. ಸುಳಿವೇ ಕೊಡದ ಗಡ್ಡೆ ಎದೆಯೊಳಗೆ ಸದ್ದಿಲ್ಲದೆ ಬೆಳೆಯುತ್ತಿರುತ್ತದೆ.

ಉಳಿವಿನ ಲೆಕ್ಕ ನಿಂತಿರುವುದು ಮುಖ್ಯವಾಗಿ ಎರಡರ ಮೇಲೆ. ಗಡ್ಡೆ ತನ್ನ ಪೊರೆ ದಾಟಿದೆಯೇ? ಸರ್ಜನ್ ಅದನ್ನು ಪೂರ್ತಿ ತೆಗೆದರೇ? 1981ರಲ್ಲಿ ಜಪಾನಿನ ಸರ್ಜನ್ ಮಸಾವೋಕಾ ಮಾಡಿಕೊಟ್ಟ ನಾಲ್ಕು ಹಂತಗಳೂ ಗಡ್ಡೆ ಎಲ್ಲಿಯವರೆಗೆ ಹಬ್ಬಿದೆ ಅನ್ನುವುದನ್ನೇ ನೋಡುತ್ತವೆ. ಪೊರೆಯೊಳಗೇ ಇದ್ದ ಗಡ್ಡೆ ಪೂರ್ತಿ ಹೊರಬಂದರೆ, 10 ವರ್ಷದ ನಂತರವೂ ಹೆಚ್ಚಿನವರು ಚೆನ್ನಾಗಿರುತ್ತಾರೆ. ಥೈಮಸ್ಸಿನದೇ ಕಾರ್ಸಿನೋಮಾ ಅನ್ನುವ ಕ್ಯಾನ್ಸರ್ ಬೇರೆ ಜಾತಿ. ಅದು ಇನ್ನೂ ಅಪರೂಪ, ಬೇಗ ಹರಡುತ್ತದೆ, ಮಯಸ್ತೇನಿಯಾದ ಸುಳಿವನ್ನೂ ಸಾಮಾನ್ಯವಾಗಿ ಕೊಡುವುದಿಲ್ಲ.

ಗಡ್ಡೆ ತೆಗೆದ ಮರುದಿನವೇ ರೆಪ್ಪೆ ಮೇಲೇಳುವುದಿಲ್ಲ. ತಿಂಗಳುಗಳು ಹಿಡಿಯಬಹುದು, ಕೆಲವರಿಗೆ ವರ್ಷಗಳೇ. ಮಯಸ್ತೇನಿಯಾದ ಮಾತ್ರೆ ನಿಲ್ಲಿಸಬೇಡಿ. ನಿಧಾನಕ್ಕೆ ಬೆಳೆಯುವ ಗಡ್ಡೆ ಇದು, 10 ವರ್ಷ ಕಳೆದ ಮೇಲೂ ಮರುಕಳಿಸಿದ್ದುಂಟು. ಡಾಕ್ಟರು ಸ್ಕ್ಯಾನಿಗೆ ಕರೆದ ದಿನ ತಪ್ಪದೆ ಹೋಗಿಬನ್ನಿ. ನಮಸ್ಕಾರ.