ಏಪ್ರಿಲ್ 23 ಇಂಗ್ಲೆಂಡಿಗೆ ಬೇಕು

ಅಧ್ಯಕ್ಷರೇ, ಕನ್ನಡ ಬಂಧುಗಳೇ,

ಇಂಗ್ಲೆಂಡಿನ ರಕ್ಷಕ ಸಂತ ಜಾರ್ಜನ ಹೆಸರಿನ ಸೇಂಟ್ ಜಾರ್ಜ್ ದಿನವನ್ನು ಇಂಗ್ಲಿಷರು ಆಚರಿಸಬೇಕೇ ಬೇಡವೇ ಎಂಬ ಚರ್ಚೆ ಏಪ್ರಿಲ್ 23 ಸಮೀಪಿಸಿದಾಗಲೆಲ್ಲ ಈ ದೇಶದಲ್ಲಿ ಮತ್ತೆ ತಲೆಯೆತ್ತುತ್ತದೆ. ಆಚರಿಸಲೇಬೇಕು, ಅದೂ ಊರೆಲ್ಲ ಸೇರಿ ಆಚರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ಮನೆ ಮಾಡಿಕೊಂಡು, ಇಲ್ಲಿನ ಶಾಲೆಗಳಿಗೆ ಮಕ್ಕಳನ್ನು ಕಳಿಸುತ್ತಿರುವ ನಮಗೂ ಈ ಪ್ರಶ್ನೆಯಲ್ಲಿ ಪಾಲಿದೆ ಎಂದು ನಂಬಿ ಇದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಬೇಡವೆನ್ನುವವರ ಮೊದಲ ಆಕ್ಷೇಪ, ಜಾರ್ಜ್ ಇಂಗ್ಲೆಂಡಿನವನೇ ಅಲ್ಲ ಎಂಬುದು. ನಿಜವೇ. ಸಂಪ್ರದಾಯದ ಪ್ರಕಾರ ಆತನ ಮನೆತನ ಇಂದಿನ ತುರ್ಕಿಯಲ್ಲಿರುವ ಕಪಡೋಕಿಯದ್ದು. ರೋಮನ್ ಸೈನಿಕನಾಗಿದ್ದ ಆತ ಸುಮಾರು 303ರಲ್ಲಿ, ಡಯೋಕ್ಲೀಷಿಯನ್ ಚಕ್ರವರ್ತಿಯ ಕಾಲದಲ್ಲಿ, ಪ್ಯಾಲೆಸ್ಟೈನಿನ ಲಿಡ್ಡಾದಲ್ಲಿ ನಂಬಿಕೆಗಾಗಿ ಪ್ರಾಣ ಕೊಟ್ಟ. ಜಾರ್ಜಿಯ, ಇಥಿಯೋಪಿಯ, ಕೆಟಲೋನಿಯಗಳೂ ಆತನನ್ನು ತಮ್ಮವನೆನ್ನುತ್ತವೆ. ಪೂರ್ವ ಆಂಗ್ಲಿಯದ ದೊರೆ ಎಡ್ಮಂಡನಂಥ ಸ್ವಂತ ನೆಲದ ಸಂತನಿದ್ದರೂ, ದೊರೆ ಮೂರನೆಯ ಎಡ್ವರ್ಡ್ 1348ರಲ್ಲಿ ಗಾರ್ಟರ್ ಎಂಬ ವೀರಪದವಿಯನ್ನು ಸ್ಥಾಪಿಸಿದಾಗ ಅದನ್ನು ಈ ಪರದೇಶಿಯ ಆಶ್ರಯದಲ್ಲಿಟ್ಟ. ಹೊರಗಿನವನೊಬ್ಬನನ್ನು ರಕ್ಷಕನೆಂದು ಒಪ್ಪಿಕೊಂಡ ನಾಡು ಆ ದಿನವನ್ನು ಆಚರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೇ? ಮಂಗಳೂರು, ಬಳ್ಳಾರಿಗಳಿಂದ ಬಂದವರಿಗೆ ಆತನ ಹೆಸರು ಆಳುವವರ ಹೆಸರಾಗಿ ಪರಿಚಿತ, ಏಕೆಂದರೆ ಆ ಜಿಲ್ಲೆಗಳ ಆಡಳಿತ ದೀರ್ಘಕಾಲ ನಡೆದದ್ದು ಮದರಾಸಿನ ಸೇಂಟ್ ಜಾರ್ಜ್ ಕೋಟೆಯಿಂದ. ಆ ನೆನಪನ್ನು ಇಟ್ಟುಕೊಂಡೇ ನಾನು ಈ ಮಾತನ್ನು ಹೇಳುತ್ತಿದ್ದೇನೆ.

ನಾರಿಚ್ ನಗರದ ಕಥೆಯನ್ನು ಮಾತ್ರ ತುಸು ವಿಸ್ತಾರವಾಗಿ ಹೇಳಲು ಅಪ್ಪಣೆ ಕೊಡಬೇಕು. ಅಲ್ಲಿ 1385ರಲ್ಲಿ ಸೇಂಟ್ ಜಾರ್ಜ್ ಹೆಸರಿನ ಸಂಘವೊಂದು ಹುಟ್ಟಿತು. ಅದರವರು ತೀರಿಕೊಂಡ ಸದಸ್ಯರಿಗಾಗಿ ಪ್ರಾರ್ಥಿಸುತ್ತಿದ್ದರು, ಕಷ್ಟದಲ್ಲಿದ್ದವರಿಗೆ ನೆರವಾಗುತ್ತಿದ್ದರು, ಹಬ್ಬದ ಮೆರವಣಿಗೆಯಲ್ಲಿ ಜಾರ್ಜ್, ಸೇಂಟ್ ಮಾರ್ಗರೆಟ್ ಮತ್ತು ಕಥೆಯಲ್ಲಿ ಜಾರ್ಜ್ ಕೊಂದ ಡ್ರ್ಯಾಗನ್, ಈ ಮೂರು ವೇಷಗಳನ್ನು ಬೀದಿಗೆ ತರುತ್ತಿದ್ದರು. ಇಂಗ್ಲೆಂಡ್ ಪ್ರಾಟೆಸ್ಟಂಟ್ ಪಂಥಕ್ಕೆ ತಿರುಗಿದ ಮತಸುಧಾರಣೆಯ ಕಾಲದಲ್ಲಿ ಸಂತರ ಪೂಜೆ ನಿಷಿದ್ಧವಾಯಿತು. ಆಗ, ಮೊದಲ ಎಲಿಜಬೆತ್ ರಾಣಿಯ ಆಳ್ವಿಕೆಯ ಆರಂಭದಲ್ಲಿ, ಸಂಘದವರು ಮಾಡಿದ ತೀರ್ಮಾನ ಹೀಗಿತ್ತು: ಜಾರ್ಜ್ ಬೇಡ, ಮಾರ್ಗರೆಟ್ ಬೇಡ, ಜನರ ವಿನೋದಕ್ಕಾಗಿ ಡ್ರ್ಯಾಗನ್ ಮಾತ್ರ ಬರಲಿ. ಕೊಂದವನು ಹೋದ, ಸತ್ತದ್ದು ಉಳಿಯಿತು! ಊರವರು ಪ್ರೀತಿಯಿಂದ ‘ಸ್ನ್ಯಾಪ್’ ಎಂದು ಕರೆದ ಆ ಡ್ರ್ಯಾಗನ್ ನಮ್ಮ ಗಾರುಡಿ ಗೊಂಬೆಯಂತೆಯೇ. ಬಟ್ಟೆ ಹೊದಿಸಿದ ಹಗುರ ಚೌಕಟ್ಟಿನೊಳಗೆ ಒಬ್ಬ ಮನುಷ್ಯ ನಿಂತು ಅದರ ಕತ್ತನ್ನು ಆಡಿಸುತ್ತಿದ್ದ, ದವಡೆಯನ್ನು ಕಟಕಟನೆ ಬಡಿಸುತ್ತಿದ್ದ. ಅದು ಹುಡುಗರ ಟೋಪಿಯನ್ನು ಕಚ್ಚಿ ಎಳೆದುಕೊಂಡು, ಪೆನ್ನಿ ಕೊಟ್ಟವರಿಗೆ ಮರಳಿಸುತ್ತಿತ್ತು. ಈ ಆಟ 19ನೇ ಶತಮಾನದವರೆಗೂ ನಡೆಯಿತು. ಸ್ನ್ಯಾಪ್‌ಗಳು ಇಂದಿಗೂ ನಾರಿಚ್ ಕೋಟೆಯ ವಸ್ತುಸಂಗ್ರಹಾಲಯದಲ್ಲಿವೆ. ಊರಿನ ಜನ ತಮ್ಮದೆಂದುಕೊಂಡ ಹಬ್ಬವನ್ನು ಅರಮನೆಯ ಆಜ್ಞೆಗೂ ಅಳಿಸಲಾಗಲಿಲ್ಲ.

ಆದರೆ ಜನರೇ ಕೈಬಿಟ್ಟ ಹಬ್ಬ ಖಾಲಿ ಉಳಿಯುವುದಿಲ್ಲ, ಬೇರೆ ಯಾರೋ ಬಂದು ಅದರಲ್ಲಿ ಕೂರುತ್ತಾರೆ. 1966ರ ವಿಶ್ವಕಪ್ ಫೈನಲ್‌ನಲ್ಲಿ ವೆಂಬ್ಲಿಯ ಜನ ಬೀಸಿದ್ದು ಬಹುತೇಕ ಇಡೀ ಬ್ರಿಟನ್ನಿನ ಯೂನಿಯನ್ ಜ್ಯಾಕ್ ಧ್ವಜವನ್ನೇ. ಬಿಳಿಯ ಮೇಲಿನ ಕೆಂಪು ಶಿಲುಬೆ, ಅಂದರೆ ಸೇಂಟ್ ಜಾರ್ಜನ ಗುರುತಾದ ಇಂಗ್ಲೆಂಡ್ ಧ್ವಜ, ಮೈದಾನವನ್ನು ತುಂಬಿದ್ದು 1996ರ ಯೂರೋ ಪಂದ್ಯಾವಳಿಯಲ್ಲಿ. ಮುಂದೆ ವಲಸೆಗಾರರನ್ನು ದ್ವೇಷಿಸುವ ಗುಂಪುಗಳೂ ಅದನ್ನೇ ಹೊತ್ತು ಬೀದಿಗಿಳಿದವು. 2014ರಲ್ಲಿ ರಾಚೆಸ್ಟರ್ ಪಕ್ಕದ ಸ್ಟ್ರೂಡ್‌ನ ಮನೆಯೊಂದಕ್ಕೆ ತೂಗುಹಾಕಿದ್ದ ಇಂಗ್ಲೆಂಡ್ ಧ್ವಜಗಳ ಚಿತ್ರವನ್ನು ಟ್ವಿಟರಿನಲ್ಲಿ ಹಾಕಿದ್ದಕ್ಕಾಗಿ ಲೇಬರ್ ಪಕ್ಷದ ಎಮಿಲಿ ಥಾರ್ನ್‌ಬೆರಿ ವಿರೋಧ ಪಕ್ಷದ ನೆರಳು ಸಂಪುಟದ ಸ್ಥಾನ ಬಿಡಬೇಕಾಯಿತು. ಓದಿದವರು ಧ್ವಜ ಕಂಡು ಮೂಗು ಮುರಿಯುತ್ತಾರೆ ಎಂಬ ನೋವು ಸಾಮಾನ್ಯ ಇಂಗ್ಲಿಷರಲ್ಲಿ ಇರುವುದರಿಂದಲೇ ಆ ಚಿತ್ರ ಅಷ್ಟು ಕೋಪ ಎಬ್ಬಿಸಿತು. 2025ರ ಬೇಸಿಗೆಯಲ್ಲಿ ಬರ್ಮಿಂಗ್‌ಹ್ಯಾಮ್ ಮೊದಲಾದ ಊರುಗಳ ದೀಪದ ಕಂಬಗಳಿಗೆ ಅದೇ ಧ್ವಜ ಏರಿದಾಗ, ಇದು ಅಭಿಮಾನವೋ ಬೆದರಿಕೆಯೋ ಎಂದು ತಿಳಿಯದೆ ಕಂಗಾಲಾದ ಮನೆಗಳು ನಮ್ಮವರಲ್ಲೂ ಇವೆ. ನಾರಿಚ್‌ನಂತೆ ಊರೂರಲ್ಲೂ ಆ ದಿನ ಮಕ್ಕಳ ಮೆರವಣಿಗೆ ಇದ್ದಿದ್ದರೆ ಧ್ವಜದ ಅರ್ಥವನ್ನು ಕಂಬ ಹತ್ತಿದವರೇ ನಿರ್ಧರಿಸುವಂತಾಗುತ್ತಿರಲಿಲ್ಲ. ಕೈಬಿಟ್ಟ ಹಬ್ಬ ಖಾಲಿ ಉಳಿಯುವುದಿಲ್ಲ ಎಂದು ನಾನು ಪದೇ ಪದೇ ಹೇಳುವುದು ಇದಕ್ಕಾಗಿಯೇ.

ಸಮಯ ಮುಗಿಯುತ್ತಿದೆ ಎಂಬ ಚೀಟಿ ಬಂದಿದೆ, ಉಳಿದದ್ದನ್ನು ಸಂಕ್ಷೇಪಿಸುತ್ತೇನೆ. ಸೇಂಟ್ ಆಂಡ್ರ್ಯೂ ದಿನ ಸ್ಕಾಟ್ಲೆಂಡಿನಲ್ಲಿಯೂ ಸೇಂಟ್ ಪ್ಯಾಟ್ರಿಕ್ ದಿನ ಉತ್ತರ ಐರ್ಲೆಂಡಿನಲ್ಲಿಯೂ ಬ್ಯಾಂಕ್ ರಜೆಗಳಾಗಿವೆ, ಅಂದರೆ ಸಾರ್ವಜನಿಕ ರಜೆಗಳು. ಇಂಗ್ಲೆಂಡಿಗೆ ಅಂಥ ರಜೆ ಇಲ್ಲ, ಅದು ಬರಬೇಕು. ಈಸ್ಟರ್ ಅಡ್ಡ ಬರುತ್ತದೆ ಎಂಬ ನೆಪಕ್ಕೆ ಚರ್ಚ್ ಆಫ್ ಇಂಗ್ಲೆಂಡಿನ ಬಳಿಯೇ ಉತ್ತರವಿದೆ: 2025ರಲ್ಲಿ ಅದು ಈ ಹಬ್ಬವನ್ನು ಏಪ್ರಿಲ್ 28ಕ್ಕೆ ಸರಿಸಿತು. ಇನ್ನು ನಮ್ಮ ಪಾಲಿನ ಕೆಲಸ. 2015ರಲ್ಲಿ ಬಸವಣ್ಣನವರ ಪ್ರತಿಮೆಗೆ ಥೇಮ್ಸ್ ದಂಡೆಯಲ್ಲಿ ಜಾಗ ಕೊಟ್ಟ ನಾಡಿನ ಹಬ್ಬಕ್ಕೆ ನಾವು ದೂರ ನಿಂತು ನೋಡುವ ನೆಂಟರಾಗಬಾರದು. ನಿಮ್ಮ ಊರಿನ ಕೌನ್ಸಿಲ್ ಮುಂದಿನ ಏಪ್ರಿಲ್‌ನಲ್ಲಿ ಮೆರವಣಿಗೆ ನಡೆಸುವುದಾದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ನಡೆಸದಿದ್ದರೆ ಏಕೆ ನಡೆಸುವುದಿಲ್ಲವೆಂದು ಕೌನ್ಸಿಲರನ್ನು ಕೇಳಿ, ಕನ್ನಡಿಗರ ಡೊಳ್ಳಿನ ತಂಡವೂ ಬರುತ್ತದೆ ಎಂದು ತಿಳಿಸಿ.